ಕೊನೆಗಾಲದಲ್ಲೂ ಬೆನ್ನು ಬಿಡದ ಅನುಮಾನ

ಕೆನಡಾದ ಟೊರಾಂಟೊ. ಮೂವತ್ತು ದಾಟಿದ, ಮನೆಯಿಲ್ಲದ ಒಬ್ಬ ಮನುಷ್ಯ. ತಲೆ-ಕುತ್ತಿಗೆಯ ಕ್ಯಾನ್ಸರ್. ನೋವು ತಡೆಯಲಾಗದೆ ಮತ್ತೆ ಮತ್ತೆ ಆಸ್ಪತ್ರೆಗೆ ಹೋದ. ಚಟ ಇರುವವನು ಅಂದಮೇಲೆ ಅವನ ನೋವನ್ನು ನಂಬುವವರು ಯಾರು? ಕೊನೆಗೆ ನಹೀದ್ ದೋಸಾನಿ ಎಂಬ ಯುವ ವೈದ್ಯರು ಅವನನ್ನು ಕಂಡು, ಔಷಧಿಗೆ ಏರ್ಪಾಟು ಮಾಡುವುದಾಗಿ ಹೇಳಿ ಹೋದರು. ಮರುದಿನ ಬಂದಾಗ ಅವನಿರಲಿಲ್ಲ. ನೋವು ಮರೆಯಲು ಹೆಂಡವನ್ನೂ ಬೀದಿಯಲ್ಲಿ ಸಿಕ್ಕ ಮಾದಕವನ್ನೂ ಒಟ್ಟಿಗೆ ತೆಗೆದುಕೊಂಡು ಸತ್ತಿದ್ದ. ಆ ಸಾವು ದೋಸಾನಿಯವರನ್ನು ಬಿಡಲಿಲ್ಲ. 2014ರಲ್ಲಿ ಅವರು ‘ಪೀಚ್’ ತಂಡ ಕಟ್ಟಿದರು. ಅದು ಬೀದಿಗೇ ಹೋಗಿ ಪ್ಯಾಲಿಯೇಟಿವ್ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಆರೈಕೆ, ಕೊಡುತ್ತದೆ.

ನಮ್ಮೂರಲ್ಲಾಗಿದ್ದರೆ ‘ಮಾಡಿದ್ದುಣ್ಣೋ ಮಹರಾಯ’ ಅಂದು ಸುಮ್ನಾಗುತ್ತಿದ್ದರು, ಅಲ್ವಾ?

ಈ ಅನುಮಾನದ ಬೇರು ಹಳೆಯದು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್ (ಸಾವಿನಂಚಿನಲ್ಲಿರುವವರನ್ನು ನೋಡಿಕೊಳ್ಳುವ ಮನೆ) ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್, ನೋವು ಮೈಯಲ್ಲಷ್ಟೇ ಇರುವುದಿಲ್ಲ, ಮನಸ್ಸಲ್ಲೂ ಸಂಸಾರದಲ್ಲೂ ಇರುತ್ತದೆ ಎಂದರು. ನೋವು ಮರುಕಳಿಸುವ ಮೊದಲೇ, ಹೊತ್ತುಹೊತ್ತಿಗೆ ಅಫೀಮಿನಿಂದ ತೆಗೆದ ನೋವಿನ ಮದ್ದು ಮಾರ್ಫಿನ್ ಕೊಟ್ಟರು. ಚಟ ಹತ್ತುತ್ತದೆ ಎಂದು ಹೆದರಿದವರಿಗೆ, ಸಾಯುವವರಲ್ಲಿ ಅದು ದೊಡ್ಡ ಸಮಸ್ಯೆಯೇ ಅಲ್ಲ ಎಂದು ತೋರಿಸಿದರು. ಒಳ್ಳೆಯ ಉತ್ತರವೇ. ಆದರೆ ನನಗನ್ನಿಸುವುದು, ಆ ಉತ್ತರದಲ್ಲಿ ಈಗಾಗಲೇ ಚಟ ಹತ್ತಿದವನಿಗೆ ಜಾಗವೇ ಇರಲಿಲ್ಲ.

ಭಾರತದಲ್ಲಂತೂ ಅನುಮಾನ ಎಲ್ಲರನ್ನೂ ಸುಟ್ಟಿತು. ನಾವು ಅಫೀಮು ಬೆಳೆಯುವ ದೇಶ. ಆದರೂ 1985ರ ಮಾದಕವಸ್ತು ಕಾಯ್ದೆ ಬಂದಮೇಲೆ ಮಾರ್ಫಿನ್ ಇಡಲು ಲೈಸೆನ್ಸಿನ ಮೇಲೆ ಲೈಸೆನ್ಸು. ತಪ್ಪಿದರೆ ಜೈಲಿನ ಭಯ. ಔಷಧಿ ಅಂಗಡಿಗಳು ಸಹವಾಸವೇ ಬೇಡವೆಂದವು. ವರ್ಷಕ್ಕೆ ಸುಮಾರು 600 ಕಿಲೋ ಇದ್ದ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಇಳಿಯಿತು. ಇಡೀ ದೇಶಕ್ಕೆ! ಕೋಯಿಕ್ಕೋಡಿನ ವೈದ್ಯ ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ವರ್ಷಗಟ್ಟಲೆ ಬಡಿದಾಡಿದರು. ಕಾಯ್ದೆ ಸಡಿಲವಾಗಿದ್ದು 2014ರಲ್ಲಿ. ಅಷ್ಟರಲ್ಲಿ ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸ್ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳಲು ಶುರುಮಾಡಿ ಆಗಿತ್ತು. ಕುಡಿದು ಲಿವರ್ ಹೋದವರ ಪಾಡು ಬೇರೆ. ಅವರಿಗೆ ಕ್ಯಾನ್ಸರಿನವರಿಗೆ ಸಿಗುವ ಮರುಕವೂ ಸಿಗುವುದಿಲ್ಲ.

ಕುಡಿತದ ಹಿಂದೆ ಏನಿರುತ್ತದೆ? ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಲ್ಯದಲ್ಲಿ ಹೊಡೆತ, ದೌರ್ಜನ್ಯದಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಉಂಡವರನ್ನು ನೋಡಿತು. ಕುಡಿತ, ಮಾದಕ ಚಟ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಅವರಿಗೆ 4ರಿಂದ 12 ಪಟ್ಟು ಜಾಸ್ತಿ ಇತ್ತು. ಇಂಥವರಿಗೆ ಕೊನೆಗಾಲದಲ್ಲಿ ನರ್ಸ್ ಹೇಳದೆ ಕೇಳದೆ ಹೊದಿಕೆ ಸರಿಸುವುದೂ ಹಳೆಯ ಗಾಯ ಕೆದಕಬಹುದು. ಹಾಗಾಗಿ ಮುಟ್ಟುವ ಮುಂಚೆ ‘ಮುಟ್ಟಲೇ?’ ಎಂದು ಕೇಳಬೇಕು. ಮದ್ದಿನ ಲೆಕ್ಕವೂ ಬೇರೆ. ಅಫೀಮಿನ ಜಾತಿಯ ಮದ್ದು ಮೈಗೆ ರೂಢಿಯಾದವನಿಗೆ ಸಾಮಾನ್ಯ ಡೋಸ್ ಸಾಲುವುದಿಲ್ಲ. ಅವನು ಇನ್ನಷ್ಟು ಕೇಳಿದರೆ ಅದು ನಾಟಕ ಎಂದು ತಿಳಿಯುವ ಮೊದಲು ಡಾಕ್ಟರು ಇದನ್ನು ನೆನೆಯಬೇಕು. ಕಳವಿನ ಭಯವಿದ್ದರೆ ಒಂದೊಂದು ದಿನದ ಮಾತ್ರೆ ಕೊಟ್ಟು, ಉಳಿದದ್ದಕ್ಕೆ ಬೀಗ ಹಾಕಿಟ್ಟರಾಯಿತು.

ಹೆಂಡದ ಕತೆ ಇನ್ನೂ ವಿಚಿತ್ರ. ವರ್ಷಗಟ್ಟಲೆ ಕುಡಿದವನಿಗೆ ಹೆಂಡ ಒಮ್ಮೆಲೇ ನಿಂತರೆ ನಡುಕ, ಭ್ರಮೆ, ಜೀವಕ್ಕೇ ಅಪಾಯ. ಕೆನಡಾದ ಒಟ್ಟಾವಾದ ಒಂದು ಆಶ್ರಯ ತಾಣದಲ್ಲಿ 17 ಮಂದಿ ಹಳೇ ಕುಡುಕರಿಗೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಕೇಳಿದಾಗ, ಗಂಟೆಗೊಮ್ಮೆ 140 ಮಿಲಿಲೀಟರ್ ವೈನ್ ಅಳೆದು ಕೊಟ್ಟರು. 2006ರ ವರದಿ ಪ್ರಕಾರ ಅವರು ಕುಡಿಯುವುದು ಕಡಿಮೆಯಾಯಿತು, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವುದೂ ಇಳಿಯಿತು. ಮೂವರು ಕುಡಿತದ ಕಾಯಿಲೆಯಿಂದಲೇ ಸತ್ತರು. ಅಲ್ಲಿಯವರೆಗೂ ಅವರಿಗೆ ದಿನವೂ ಒಬ್ಬರು ಗ್ಲಾಸು ತುಂಬಿ ಕೊಡುತ್ತಿದ್ದರು.