ಅನುದಾನದ ಕಡತ ಎಲ್ಲಿ ನಿಲ್ಲುತ್ತದೆ?

ತಾಲ್ಲೂಕು ಮಟ್ಟದ ವಿಶೇಷ ಶಾಲೆಯೋ ಮಹಿಳಾ ಮಂಡಳಿಯೋ ಸರ್ಕಾರಿ ಅನುದಾನಕ್ಕೆ ಹೊರಟಾಗ ಮೊದಲು ಹುಡುಕುವುದು ಚೆನ್ನಾಗಿ ಪ್ರಾಜೆಕ್ಟ್ ಬರೆದುಕೊಡುವವರನ್ನು. ಇಲಾಖೆಯಲ್ಲಿ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಆ ಬರವಣಿಗೆಯನ್ನು ಓದುವುದು ಕೊನೆಗೆ. ಅವರು ಮೊದಲು ನೋಡುವುದು ನೋಂದಣಿ ಪತ್ರ, ಪ್ಯಾನ್, ಮೂರು ವರ್ಷದ ಆಡಿಟ್ ವರದಿ, ಬೈಲಾ (ಸಂಸ್ಥೆಯ ನಿಯಮಾವಳಿ), ಹಿಂದಿನ ಅನುದಾನದ ಹಣ ಬಳಕೆ ಪ್ರಮಾಣಪತ್ರ. ಇವುಗಳಲ್ಲಿ ಒಂದು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಕಡತ ಅಲ್ಲೇ ಕೂರುತ್ತದೆ.

ಅತಿ ಹೆಚ್ಚು ತೊಡಕು ಕೊಡುವುದು ಹೆಸರು. ನೋಂದಣಿ ಪತ್ರದಲ್ಲಿ ಕನ್ನಡದ ಹೆಸರು, ಪ್ಯಾನ್‌ನಲ್ಲಿ ಅದರ ಇಂಗ್ಲಿಷ್ ಕಾಗುಣಿತ, ಬ್ಯಾಂಕಿನಲ್ಲಿ ಕೊನೆಗೆ '(ರಿ)' ಸೇರಿಸಿದ ರೂಪ. ಒಂದು ಕಡೆ 'ಸಂಘ'ದ ಕೊನೆಗೆ ಇಂಗ್ಲಿಷಿನ 'ಎ' ಇದೆ, ಇನ್ನೊಂದು ಕಡೆ ಇಲ್ಲ. ಕೇಂದ್ರದ ಅನುದಾನ ಬರುವುದು ಪಿಎಫ್‌ಎಂಎಸ್ ಎಂಬ ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯ ಮೂಲಕ. ಅಲ್ಲಿ ಖಾತೆಯ ಹೆಸರನ್ನು ಬ್ಯಾಂಕಿನ ದಾಖಲೆಯೊಂದಿಗೆ ಹೋಲಿಸಲಾಗುತ್ತದೆ, ಹೊಂದದಿದ್ದರೆ ಮಂಜೂರಾದ ಹಣವೂ ಜಮೆಯಾಗದು. ನೋಂದಣಿ ಪತ್ರದ ಹೆಸರನ್ನೇ ಆಧಾರವಾಗಿಟ್ಟುಕೊಂಡು ಮೊದಲು ಪ್ಯಾನ್ ತಿದ್ದಿಸಿ, ಆಮೇಲೆ ಬ್ಯಾಂಕ್, ನಂತರ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್, ಕೊನೆಗೆ ಪಿಎಫ್‌ಎಂಎಸ್. ಕ್ರಮ ತಪ್ಪಿದರೆ ಒಂದೇ ತಿದ್ದುಪಡಿಯನ್ನು ಎರಡೆರಡು ಸಲ ಮಾಡಿಸಬೇಕಾಗುತ್ತದೆ.

ದರ್ಪಣ್‌ನಲ್ಲಿ ಸಂಸ್ಥೆಯ ಪ್ಯಾನ್ ಜೊತೆಗೆ ಕನಿಷ್ಠ ಮೂವರು ಪದಾಧಿಕಾರಿಗಳ ಪ್ಯಾನ್, ಆಧಾರ್ ವಿವರ ಕೊಡಬೇಕು. ಆಡಳಿತ ಮಂಡಳಿ ಬದಲಾದಾಗ ಇದನ್ನು ಬದಲಿಸಲು ಮರೆಯುವವರೇ ಹೆಚ್ಚು. ಒಟಿಪಿ ಹಳೆಯ ಕಾರ್ಯದರ್ಶಿಯ ಮೊಬೈಲಿಗೆ ಹೋಗುತ್ತದೆ. ಅವರೋ ಜಗಳವಾಡಿ ಹೊರಹೋದವರು. ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್, ಒಂದು ಇ-ಮೇಲ್ ಇಟ್ಟುಕೊಂಡು ಎಲ್ಲ ಪೋರ್ಟಲ್‌ಗಳಿಗೂ ಅದನ್ನೇ ಕೊಟ್ಟರೆ ಈ ರಗಳೆ ಇರುವುದಿಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾವು ಬಾಯಿಮಾತಿನಲ್ಲಿ 'ರಿನೀವಲ್' ಎನ್ನುವುದು ಇದನ್ನೇ. ವರ್ಷಗಟ್ಟಲೆ ಬಿಟ್ಟು, ಅರ್ಜಿಯ ಕೊನೆಯ ದಿನಾಂಕ ಹತ್ತಿರವಾದಾಗ ಒಟ್ಟಿಗೆ ಸಲ್ಲಿಸಲು ಹೋದರೆ ದಂಡವೂ ಬೀಳುತ್ತದೆ, ಗಡುವೂ ತಪ್ಪುತ್ತದೆ. ಬೈಲಾದ ಉದ್ದೇಶಗಳನ್ನೂ ಒಮ್ಮೆ ಓದಿ. ಅಲ್ಲಿ ಹೊಲಿಗೆ ತರಬೇತಿ ಮಾತ್ರ ಇದ್ದರೆ ಹಿರಿಯರ ಆರೈಕೆ ಯೋಜನೆಗೆ ಅರ್ಹತೆ ಸಿಗುವುದು ಕಷ್ಟ, ಮತ್ತು ಬೈಲಾ ತಿದ್ದುಪಡಿ ವಾರದಲ್ಲಿ ಮುಗಿಯುವ ಕೆಲಸವಲ್ಲ.

ಎಷ್ಟು ಕೇಳಬೇಕು ಎಂಬುದರಲ್ಲೂ ವಿವೇಕ ಬೇಕು. ವರ್ಷಕ್ಕೆ ಮೂರು ಲಕ್ಷ ಖರ್ಚು ಮಾಡುವ ಸಂಸ್ಥೆ 25 ಲಕ್ಷ ಕೇಳಿದರೆ ಆಡಿಟ್ ವರದಿಯೇ ಅದರ ವಿರುದ್ಧ ಸಾಕ್ಷಿ ಹೇಳುತ್ತದೆ. ಜೊತೆಗೆ ಸಂಸ್ಥೆಯ ಪಾಲು ಎಂಬುದೊಂದಿದೆ. ವಿಕಲಚೇತನರಿಗಾಗಿ ಇರುವ ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆಯಲ್ಲಿ ಯೋಜನಾ ವೆಚ್ಚದ ಗರಿಷ್ಠ ಶೇ. 90ರಷ್ಟು ಮಾತ್ರ ಅನುದಾನ. ಹತ್ತು ಲಕ್ಷದ ಯೋಜನೆಗೆ ಒಂದು ಲಕ್ಷವನ್ನು ನೀವೇ ಹೊಂದಿಸಬೇಕು, ಅದಕ್ಕೂ ವೋಚರ್ ಇರಬೇಕು.

ಇನ್ನು ತಪಾಸಣೆ. ದೀನದಯಾಳ್ ಯೋಜನೆಗೆ ಅರ್ಜಿ ಹಾಕುವ ಮೊದಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಸಂಸ್ಥೆಯ ನೋಂದಣಿ ಆಗಿರಬೇಕು. ಅರ್ಜಿ ಆನ್‌ಲೈನ್‌ನಲ್ಲಿ ಹೋದರೂ ಜಿಲ್ಲೆಯ ಅಧಿಕಾರಿ ಸ್ಥಳಕ್ಕೆ ಬಂದು ವರದಿ ಕೊಡುತ್ತಾರೆ. ಅವರು ಬಂದಾಗ ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ನಡವಳಿ ಪುಸ್ತಕ, ಕಟ್ಟಡದ ಬಾಡಿಗೆ ಕರಾರು, ಮಕ್ಕಳ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಸಂಖ್ಯೆಯ ಪಟ್ಟಿ ಒಂದೇ ಬೀರುವಿನಲ್ಲಿ ಸಿಗಬೇಕು. ಇಡೀ ತಿಂಗಳಿನ ಹಾಜರಿಯನ್ನು ಒಂದೇ ಪೆನ್ನಿನಲ್ಲಿ ಒಂದೇ ದಿನ ತುಂಬಿದ್ದು ಅನುಭವಿ ಅಧಿಕಾರಿಯ ಕಣ್ಣಿಗೆ ತಕ್ಷಣ ಬೀಳುತ್ತದೆ. ವಿಶೇಷ ಶಾಲೆಗಳಿಗೆ ಮಗುವಿನ ಲೆಕ್ಕದಲ್ಲಿ ಸಿಗುವ ರಾಜ್ಯದ ಶಿಶು ಕೇಂದ್ರಿತ ಸಹಾಯಧನದಲ್ಲಿ ತೋರಿಸಿದ ಮಗುವನ್ನೇ ಅದೇ ಖರ್ಚಿಗಾಗಿ ಕೇಂದ್ರದ ಯೋಜನೆಯಲ್ಲೂ ತೋರಿಸಿದರೆ ಎರಡೂ ಕೈತಪ್ಪಬಹುದು. ಬೇರೆಲ್ಲಿ ಅನುದಾನ ಪಡೆದಿದ್ದೀರಿ, ಎಲ್ಲಿ ಕೇಳಿದ್ದೀರಿ ಎಂಬುದನ್ನು ಅರ್ಜಿಯಲ್ಲೇ ತಿಳಿಸಬೇಕೆಂದು ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು (ಜಿಎಫ್‌ಆರ್) 2017 ಹೇಳುತ್ತವೆ.

ಹಣ ಕೈಗೆ ಬಂದ ಮೇಲಿನ ತಪ್ಪುಗಳು ಮುಂದಿನ ಕಂತನ್ನೇ ನುಂಗುತ್ತವೆ. ಉದಾಹರಣೆಗೆ, ಹತ್ತು ಲಕ್ಷ ಮಂಜೂರಾಗಿ ಮೊದಲ ಕಂತು ಐದು ಲಕ್ಷ ಫೆಬ್ರವರಿಯಲ್ಲಿ ಬಂತು ಎನ್ನಿ. ಮಾರ್ಚ್ 31ರೊಳಗೆ ಖರ್ಚಾದದ್ದು 4,20,000. ಉಳಿದದ್ದು 80,000, ಬ್ಯಾಂಕ್ ಬಡ್ಡಿ 2,300. ಉಳಿಸಿದರೆ ವಾಪಸ್ ಕೇಳುತ್ತಾರೆಂಬ ಹೆದರಿಕೆಯಿಂದ ಕೆಲವರು ಬಳಕೆ ಪ್ರಮಾಣಪತ್ರದಲ್ಲಿ ಪೂರ್ತಿ ಐದು ಲಕ್ಷ ಖರ್ಚು ಎಂದು ಬರೆಯುತ್ತಾರೆ. ಆಡಿಟ್ ವರದಿ 4,20,000 ಎನ್ನುತ್ತದೆ. ಕಡತ ಅಲ್ಲಿಗೆ ನಿಂತಿತು. ಇದ್ದದ್ದನ್ನು ಇದ್ದಂತೆ ಬರೆದು, 80,000ವನ್ನು ಮುಂದಿನ ವರ್ಷ ಬಳಸಲು ಲಿಖಿತ ಅನುಮತಿ ಕೇಳುವುದೇ ಸರಿಯಾದ ದಾರಿ. ಬಡ್ಡಿ ಮಾತ್ರ ನಿಮ್ಮದಲ್ಲ. ಲೆಕ್ಕ ಅಂತಿಮವಾದ ಕೂಡಲೇ ಅದನ್ನು ಸರ್ಕಾರಕ್ಕೆ ಕಟ್ಟಬೇಕು.

ಈ ಪ್ರಮಾಣಪತ್ರದ ನಮೂನೆ ಜಿಎಫ್‌ಆರ್ 12-ಎ. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕೆಂದಿದ್ದರೂ ಅಷ್ಟು ಕಾಯಬೇಡಿ, ಇದು ತಲುಪುವವರೆಗೆ ಮುಂದಿನ ಕಂತು ಅಲುಗಾಡುವುದಿಲ್ಲ. ಏಪ್ರಿಲ್‌ನಲ್ಲೇ ವೋಚರ್‌ಗಳನ್ನು ಸಿ.ಎ. ಕೈಗೆ ಕೊಟ್ಟರೆ ಜೂನ್-ಜುಲೈಗೆ ಪ್ರಮಾಣಪತ್ರ ಸಿದ್ಧವಾಗುತ್ತದೆ. ಸಂಬಳಕ್ಕೆಂದು ಬಂದ ಹಣದಲ್ಲಿ ಕುರ್ಚಿ ಕೊಂಡರೆ, ಕುರ್ಚಿ ಎಷ್ಟೇ ಅಗತ್ಯವಿದ್ದರೂ, ಆ ಖರ್ಚು ಒಪ್ಪಿಗೆಯಾಗದು. ಅನುದಾನದಿಂದ ಕೊಂಡ ಆಸ್ತಿಗೆ ಪ್ರತ್ಯೇಕ ಪುಸ್ತಕವಿಡಿ; ಅನುಮತಿಯಿಲ್ಲದೆ ಮಾರುವಂತಿಲ್ಲ.

ಹಣ ತಡವಾಗಿಯೇ ಬರುತ್ತದೆ ಎಂದುಕೊಂಡು ಲೆಕ್ಕ ಹಾಕಿ. ಗೌರವಧನ, ಬಾಡಿಗೆ ಸೇರಿ ತಿಂಗಳಿಗೆ 72,000 ಬೇಕಿದ್ದರೆ ಆರು ತಿಂಗಳಿಗೆ 4,32,000. ಇದರ ಅರ್ಧವಾದರೂ ಕೈಯಲ್ಲಿಲ್ಲದೆ ಹೊಸ ಕೇಂದ್ರ ತೆರೆಯಬೇಡಿ. ಸದಸ್ಯರಿಂದ ಕೈಸಾಲ ತೆಗೆದುಕೊಂಡರೆ ಠರಾವು ಮಾಡಿ ಬ್ಯಾಂಕ್ ಮೂಲಕವೇ ಪಡೆಯಿರಿ. ನಗದಾಗಿ ಬಂದು ನಗದಾಗಿ ಹಿಂದಿರುಗಿದ ಸಾಲವನ್ನು ಯಾವ ಲೆಕ್ಕಪರಿಶೋಧಕರೂ ನಂಬುವುದಿಲ್ಲ.

ಶೇಕಡಾ ಇಷ್ಟು ಕೊಟ್ಟರೆ ಮಂಜೂರು ಮಾಡಿಸುತ್ತೇವೆ ಎಂದು ಬರುವವರು ಎಲ್ಲ ಜಿಲ್ಲೆಯಲ್ಲೂ ಇದ್ದಾರೆ. ಅವರಿಗೆ ಕೊಟ್ಟ ಹಣವನ್ನು ಯಾವ ಬಾಬ್ತಿನಲ್ಲೂ ತೋರಿಸಲಾಗದು. ಕೇಂದ್ರದ ಅನುದಾನಕ್ಕೆ ಷರತ್ತು ಪಾಲಿಸುತ್ತೇವೆಂದು ಬಾಂಡ್ ಬರೆದುಕೊಡುವವರು ಕಾರ್ಯಕಾರಿ ಸಮಿತಿಯ ಸದಸ್ಯರು. ಷರತ್ತು ಮುರಿದರೆ ಒಬ್ಬೊಬ್ಬರಾಗಿಯೂ ಒಟ್ಟಾಗಿಯೂ ಹೊಣೆ ಅವರದೇ. ಸಹಿ ಹಾಕುವ ಮುನ್ನ ಪ್ರತಿ ಸದಸ್ಯರಿಗೂ ಮಂಜೂರಾತಿ ಆದೇಶದ ಒಂದೊಂದು ಪ್ರತಿ ಕೊಟ್ಟು, ಕೊಟ್ಟದ್ದನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ.