ಸ್ಪೇನ್ ಕಾದಾಡಿದ್ದು ಅಮೆರಿಕಕ್ಕಾಗಿಯೋ, ನದಿಗಾಗಿಯೋ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸ್ ನೆರವಾಯಿತು ಅಂತ ಶಾಲೆಯಲ್ಲಿ ಓದಿದ್ದೇವೆ. ಸ್ಪೇನ್ ಕೂಡ ಯುದ್ಧಕ್ಕೆ ಇಳಿದಿತ್ತಂತೆ, ಹೌದಾ? ಮಿಸಿಸಿಪ್ಪಿ ನದಿಯ ಹತ್ತಿರ ಅದಕ್ಕೇನು ಕೆಲಸ?

ಹೌದು, ಇಳಿದಿತ್ತು. ಆದರೆ ಅಮೆರಿಕದ ಮೇಲಿನ ಪ್ರೀತಿಯಿಂದಲ್ಲ. ಸ್ಪೇನಿಗೂ ಅಮೆರಿಕ ಖಂಡದಲ್ಲಿ ದೊಡ್ಡ ದೊಡ್ಡ ವಸಾಹತುಗಳಿದ್ದವು. ರಾಜನ ಮೇಲೆ ತಿರುಗಿಬೀಳುವುದು ಸರಿ ಅಂತ ಅದು ಹೇಗೆ ತಾನೇ ಒಪ್ಪೀತು?

ಅದರ ಕಣ್ಣಿದ್ದದ್ದು ನದಿಯ ಮೇಲೆ. 1763ರ ಒಪ್ಪಂದಗಳ ನಂತರ ಮಿಸಿಸಿಪ್ಪಿಯ ಪಶ್ಚಿಮ ದಡವೂ ನ್ಯೂ ಆರ್ಲಿಯನ್ಸ್ ಊರೂ ಸ್ಪೇನಿನ ಪಾಲಿಗೆ ಬಂದಿದ್ದವು. ಎದುರು ದಡ ಬ್ರಿಟಿಷರದು. ಎರಡು ಸಾಮ್ರಾಜ್ಯಗಳಿಗೆ ನಡುವೆ ನದಿಯೇ ಬೇಲಿ.

ಸಹಾಯ ಶುರುವಾದದ್ದು ಕದ್ದುಮುಚ್ಚಿ. 1776ರಲ್ಲಿ ಜಾರ್ಜ್ ಗಿಬ್ಸನ್ ಎಂಬ ಅಮೆರಿಕನ್ ಕ್ಯಾಪ್ಟನ್ ಕೋವಿಮದ್ದು ಕೇಳಿಕೊಂಡು ನ್ಯೂ ಆರ್ಲಿಯನ್ಸಿಗೆ ಬಂದ. ಸ್ಪೇನಿನವರು ಮದ್ದು ಮಾರಿದರು, ಜೊತೆಗೆ ಅವನನ್ನೇ ಜೈಲಿಗೂ ಹಾಕಿದರು! ಬ್ರಿಟಿಷರಿಗೆ ಅನುಮಾನ ಬರಬಾರದಲ್ವಾ? ಅವನು ಸುಮ್ನೆ ಜೈಲಲ್ಲಿ ಕೂತಿದ್ದ. ಅವನ ಜೊತೆಗಾರ ಲಿನ್ ಮದ್ದಿನ ಪೀಪಾಯಿಗಳನ್ನು ದೋಣಿಗೆ ಹೇರಿಕೊಂಡು ಪ್ರವಾಹದ ಎದುರು ಮೇಲಕ್ಕೆ ಹೊರಟ.

1779ರ ಜೂನ್‌ನಲ್ಲಿ ಸ್ಪೇನ್ ಬಹಿರಂಗವಾಗಿಯೇ ಯುದ್ಧ ಸಾರಿತು. ಆಗ ನದಿ ದಡದ ಸ್ಪೇನಿನ ವಸಾಹತು ಲೂಸಿಯಾನದ ಗವರ್ನರ್ ಬರ್ನಾರ್ಡೊ ಡಿ ಗಾಲ್ವೆಜ್, ಇನ್ನೂ 33ರ ಹರೆಯ. ದಂಡು ಹೊರಡಬೇಕು ಅನ್ನುವಾಗ, ಆಗಸ್ಟ್ 18ರಂದು, ಚಂಡಮಾರುತ ಬಂದು ದೋಣಿಗಳನ್ನು ಮುಳುಗಿಸಿತು. ಬೇರೆಯವರಾಗಿದ್ದರೆ ಮನೆಗೆ ಹೋಗುತ್ತಿದ್ದರು. ಇವನು ಒಂಬತ್ತು ದಿನ ಬಿಟ್ಟು ಹೊರಟೇಬಿಟ್ಟ. ದಾರಿಯಲ್ಲಿ ಅಕೇಡಿಯನ್ನರು (ಬ್ರಿಟಿಷರು ಕೆನಡಾ ಕಡೆಯಿಂದ ಓಡಿಸಿದ್ದ ಫ್ರೆಂಚ್ ಮೂಲದವರು), ಜರ್ಮನ್ ರೈತರು, ಸ್ವತಂತ್ರ ಕಪ್ಪು ಜನರು, ಮೂಲನಿವಾಸಿಗಳು ಸೇರಿಕೊಂಡು ದಂಡು ಸುಮಾರು 1,400 ಜನರಷ್ಟಾಯಿತು.

ಎದುರು ದಡದಲ್ಲಿದ್ದ ಬ್ರಿಟಿಷರ ಬ್ಯಾಟನ್ ರೂಜ್ ಕೋಟೆಯನ್ನು ಅವನು ಗೆದ್ದ ರೀತಿ ನನಗೆ ಬಹಳ ಇಷ್ಟ. ರಾತ್ರಿ ಒಂದು ಗುಂಪನ್ನು ಹತ್ತಿರದ ತೋಪಿಗೆ ಕಳಿಸಿದ. ಮರ ಕಡಿಯಿರಿ, ಮಣ್ಣು ಅಗೆಯಿರಿ, ಜೋರಾಗಿ ಸದ್ದು ಮಾಡಿ, ಅಷ್ಟೇ ಕೆಲಸ. ಬ್ರಿಟಿಷರು ರಾತ್ರಿಯಿಡೀ ಆ ತೋಪಿಗೆ ಗುಂಡು ಹಾರಿಸಿದರು. ಅಷ್ಟರಲ್ಲಿ ಇನ್ನೊಂದು ಕಡೆಯ ತೋಟದಲ್ಲಿ ನಿಜವಾದ ಫಿರಂಗಿಗಳು ಸದ್ದಿಲ್ಲದೆ ಬಂದು ಕೂತಿದ್ದವು. ಸೆಪ್ಟೆಂಬರ್ 21ರಂದು ಕೋಟೆ ಶರಣಾಯಿತು. ಶರಣಾಗತಿಯ ಒಪ್ಪಂದದಲ್ಲಿ ನದಿಯ ಮೇಲ್ಭಾಗದ ಬ್ರಿಟಿಷರ ನ್ಯಾಚೆಜ್ ಕೋಟೆಯನ್ನೂ ಬರೆಸಿಕೊಂಡ, ಅಲ್ಲಿ ಒಂದು ಗುಂಡೂ ಹಾರಲಿಲ್ಲ.

ಮುಂದಿನ ವರ್ಷ ಮೇ 26ರಂದು ನದಿಯ ಮೇಲ್ಭಾಗದಲ್ಲಿದ್ದ ಸ್ಪೇನಿನ ಊರು ಸೇಂಟ್ ಲೂಯಿಸ್ ಮೇಲೆ ಬ್ರಿಟಿಷರ ಕಡೆಯವರು ಮುಗಿಬಿದ್ದರು. ಒಂದೇ ಒಂದು ಕಲ್ಲಿನ ಬುರುಜು ಊರನ್ನು ಉಳಿಸಿತು. 1781ರಲ್ಲಿ ಗಾಲ್ವೆಜ್ ಫ್ಲಾರಿಡಾ ಕಡೆಯ ಬ್ರಿಟಿಷ್ ಬಂದರು ಪೆನ್ಸಕೋಲವನ್ನೂ ಹಿಡಿದ.

ಅಂದಹಾಗೆ, ಅದೇ ವರ್ಷಗಳಲ್ಲಿ ನಮ್ಮ ಹೈದರಾಲಿಯೂ ಬ್ರಿಟಿಷರ ಮೇಲೆ ಯುದ್ಧ ಮಾಡುತ್ತಿದ್ದ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಅಮೆರಿಕನ್ ಹಡಗಿನ ಹೆಸರು 'ಹೈದರ್ ಆಲಿ'.

ಇಷ್ಟೆಲ್ಲ ಆದರೂ ಸ್ಪೇನ್ ಅಮೆರಿಕದ ಜೊತೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಲೇ ಇಲ್ಲ. ಅದರ ಒಪ್ಪಂದ ಇದ್ದದ್ದು ಫ್ರಾನ್ಸ್ ಜೊತೆ. 1783ರಲ್ಲಿ ಯುದ್ಧ ಮುಗಿದಾಗ ಫ್ಲಾರಿಡಾ ಸ್ಪೇನಿನ ಕೈಗೆ ಸಿಕ್ಕಿತು. ಮರುವರ್ಷವೇ ಮಿಸಿಸಿಪ್ಪಿಯ ಕೆಳಭಾಗವನ್ನು ಅಮೆರಿಕನ್ನರಿಗೆ ಮುಚ್ಚಿತು. ಮದ್ದಿನ ಪೀಪಾಯಿ ಮೇಲೆ ಹೋಗಿದ್ದ ನದಿಯಲ್ಲೇ ಅಮೆರಿಕನ್ ರೈತರ ಹಿಟ್ಟಿನ ಪೀಪಾಯಿ ಕೆಳಗೆ ಬರುವಂತಿರಲಿಲ್ಲ. ಈ ತಗಾದೆ ಬಗೆಹರಿದದ್ದು 1795ರ ಒಪ್ಪಂದದಲ್ಲಿ.