ಉಬುಂಟು ಅಳಿಸಿದ ಮೇಲೆ ವಿಂಡೋಸ್ ಕೂಡ ಬರ್ತಿಲ್ಲ. ಎಲ್ಲ ಹೋಯ್ತಾ?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡೂ ಆಪರೇಟಿಂಗ್ ಸಿಸ್ಟಂ ಇದ್ದವು. ಜಾಗ ಸಾಲದೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಉಬುಂಟು ಪಾರ್ಟಿಷನ್ ಡಿಲೀಟ್ ಮಾಡಿದೆ. ಈಗ ಆನ್ ಮಾಡಿದರೆ ಕಪ್ಪು ಸ್ಕ್ರೀನ್, ಅದರ ಮೇಲೆ ‘ಗ್ರಬ್ ರೆಸ್ಕ್ಯೂ’ ಅಂತ ಮಾತ್ರ ಬರುತ್ತದೆ. ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ ಕೇಳಿದರೆ ಫಾರ್ಮ್ಯಾಟ್ ಮಾಡಬೇಕು ಅಂದರು. ಮನೆಯ ಫೋಟೋಗಳೆಲ್ಲ ಡಿ ಡ್ರೈವಿನಲ್ಲಿವೆ. ಎಲ್ಲ ಹೋಯ್ತಾ? (ರಾಜಾಜಿನಗರ, ಬೆಂಗಳೂರು)

ಉತ್ತರ: ಹೋಗಿಲ್ಲ. ದಯವಿಟ್ಟು ಫಾರ್ಮ್ಯಾಟ್‌ಗೆ ಒಪ್ಪಬೇಡಿ. ನೀವು ಅಳಿಸಿದ್ದು ಉಬುಂಟು ಇದ್ದ ಜಾಗ ಮಾತ್ರ. ವಿಂಡೋಸು, ಡಿ ಡ್ರೈವು, ಫೋಟೋಗಳು ಇದ್ದಲ್ಲೇ ಇವೆ.

ಆಗಿರುವುದು ಇಷ್ಟು. ಕಂಪ್ಯೂಟರ್ ಆನ್ ಆದಾಗ ವಿಂಡೋಸನ್ನೋ ಉಬುಂಟುವನ್ನೋ ಶುರು ಮಾಡುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಅನ್ನುತ್ತಾರೆ. ಉಬುಂಟುವಿನ ಬೂಟ್‌ಲೋಡರ್ ಆದ ಗ್ರಬ್ ಎರಡು ಕಡೆ ಇರುತ್ತದೆ. ಅದರ ಸಣ್ಣ ಭಾಗ, ಬೂಟ್‌ಲೋಡರ್‌ಗಳಿಗೆಂದೇ ಇರುವ ಇಎಫ್‌ಐ ಪಾರ್ಟಿಷನ್‌ನಲ್ಲಿ ಕೂರುತ್ತದೆ. ವಿಂಡೋಸ್ ತಾನೇ ಮಾಡಿಕೊಂಡ ಈ ಜಾಗ ಸಾಮಾನ್ಯವಾಗಿ 100 ಎಂಬಿಯಷ್ಟು ಚಿಕ್ಕದು. ಗ್ರಬ್‌ನ ಮೆನು, ಸೆಟ್ಟಿಂಗ್ ಮುಂತಾದ ಉಳಿದದ್ದೆಲ್ಲ ಉಬುಂಟು ಪಾರ್ಟಿಷನ್ ಒಳಗೇ ಇತ್ತು. ಅದು ಹೋಯಿತು, ಚಿಕ್ಕ ಭಾಗ ಉಳಿಯಿತು. ಮದರ್‌ಬೋರ್ಡ್ ಈಗಲೂ ಮೊದಲು ಅದನ್ನೇ ಕರೆಯುತ್ತಿದೆ. ಅದು ಉಳಿದರ್ಧವನ್ನು ಹುಡುಕಿ, ಸಿಗದೆ, ಅಲ್ಲೇ ನಿಂತುಬಿಟ್ಟಿದೆ. ಅದರ ಪಕ್ಕದ ಫೋಲ್ಡರಿನಲ್ಲೇ ವಿಂಡೋಸಿನ ಬೂಟ್‌ಲೋಡರ್ ಇದೆ, ಅದನ್ನು ಯಾರೂ ಮುಟ್ಟಿಲ್ಲ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸಕ್ಕೆ ಪೆನ್‌ಡ್ರೈವ್ ಕೂಡ ಬೇಡ. ಕಂಪ್ಯೂಟರ್ ಆಫ್ ಮಾಡಿ. ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀ ಬಿಡದೆ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಬೋರ್ಡುಗಳಲ್ಲಿ ಎಫ್8. ಬರುವ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿ. ವಿಂಡೋಸ್ ತೆರೆದುಕೊಂಡಿತು ಅಂದ್ರೆ ಅರ್ಧ ಕೆಲಸ ಮುಗಿಯಿತು. ಮುಂದೆ ಬಯಾಸ್ (ಮದರ್‌ಬೋರ್ಡಿನದೇ) ಸೆಟ್ಟಿಂಗ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಅದನ್ನೇ ಮೇಲಕ್ಕೆ ತಂದು ಸೇವ್ ಮಾಡಿ. ಇಎಫ್‌ಐ ಪಾರ್ಟಿಷನ್‌ನಲ್ಲಿ ಉಳಿದಿರುವ ಉಬುಂಟುವಿನ ಹಳೆಯ ಫೋಲ್ಡರ್ ಅಲ್ಲೇ ಇರಲಿ. ಅದನ್ನು ತೆಗೆಯಲು ಹೋಗಿ ಪಕ್ಕದ್ದನ್ನು ಅಳಿಸಿದರೆ ಆಗ ನಿಜವಾದ ತೊಂದರೆ. ನಾಲ್ಕಾರು ಎಂಬಿಗಾಗಿ ಆ ಅಪಾಯ ಬೇಡ.

ಈ ಹಂತದಲ್ಲಿ ಕೆಲವರಿಗೆ ನೀಲಿ ಸ್ಕ್ರೀನ್ ಬಂದು, ಬಿಟ್‌ಲಾಕರ್‌ನ (ಡ್ರೈವಿನಲ್ಲಿರುವುದನ್ನು ಬೀಗ ಹಾಕಿಡುವ ವಿಂಡೋಸಿನ ಸೌಲಭ್ಯ) 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಗಾಬರಿ ಬೇಡ. ವಿಂಡೋಸಿಗೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುತ್ತಿದ್ದರೆ ಆ ಕೀ ಹೆಚ್ಚಾಗಿ ಅದೇ ಅಕೌಂಟಿನಲ್ಲಿರುತ್ತದೆ, ಮೊಬೈಲಿನಿಂದಲೇ ನೋಡಬಹುದು. ಫಾರ್ಮ್ಯಾಟ್ ಬೇಡ ಅಂತ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೇ. ಬಿಟ್‌ಲಾಕರ್ ಇದ್ದ ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಟ್ಟರೆ, ಆಮೇಲೆ ಫೋಟೋ ವಾಪಸ್ ತೆಗೆಯುವ ಆಸೆ ಬಹುತೇಕ ಬಿಡಬೇಕಾಗುತ್ತದೆ.

ಬೂಟ್ ಮೆನುವಿನಲ್ಲಿ ವಿಂಡೋಸಿನ ಹೆಸರೇ ಇಲ್ಲ, ಬರೀ ಹಾರ್ಡ್‌ಡಿಸ್ಕ್ ಹೆಸರಿದೆ ಅಂದರೆ ನಿಮ್ಮದು ಇಎಫ್‌ಐ ಬದಲು ಎಂಬಿಆರ್ ಎಂಬ ಹಳೆಯ ಬೂಟ್ ಮಾದರಿ ಇರಬಹುದು. ಅಲ್ಲಿ ಡಿಸ್ಕಿನ ಮೊದಲ 512 ಬೈಟ್‌ನಲ್ಲೇ ಬೂಟ್ ಕೋಡು, ಪಾರ್ಟಿಷನ್ ಪಟ್ಟಿ ಎರಡೂ ಇರುತ್ತವೆ. ಗ್ರಬ್ ಆ ಕೋಡಿನ ಜಾಗದಲ್ಲಿ ಕೂತಿದೆ. ಬೇರೆ ಕಂಪ್ಯೂಟರಿನಲ್ಲಿ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಂಡು, ಅದರಿಂದ ಬೂಟ್ ಮಾಡಿ. ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿ. ಕಮಾಂಡ್ ಪ್ರಾಂಪ್ಟಿನಲ್ಲಿ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ (bootrec /fixmbr), ನಡುವೆ ಒಂದು ಸ್ಪೇಸ್ ಕೊಟ್ಟು ಬರೆಯಿರಿ. ಇದು ಬೂಟ್ ಕೋಡನ್ನು ಮಾತ್ರ ಬದಲಿಸುತ್ತದೆ, ಪಾರ್ಟಿಷನ್ ಪಟ್ಟಿ ಮುಟ್ಟುವುದಿಲ್ಲ. ಇಎಫ್‌ಐ ಇರುವ ಹೊಸ ಕಂಪ್ಯೂಟರಿಗೆ ಈ ಕಮಾಂಡಿನಿಂದ ಏನೂ ಉಪಯೋಗವಿಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಆನ್ ಇಟ್ಟುಕೊಂಡೇ ಈ ಕೆಲಸಕ್ಕೆ ಕೈ ಹಾಕಿ. ಮಳೆಗಾಲದ ಸಂಜೆ ನಮ್ಮೂರಲ್ಲಿ ಕರೆಂಟ್ ಹೇಗಿರುತ್ತದೆ ಗೊತ್ತಲ್ಲ.

ಅಂಗಡಿಗೇ ಕೊಡುವುದಾದರೆ ‘ಕೆಟ್ಟಿದೆ, ಸರಿ ಮಾಡಿ’ ಅಂತ ಸುಮ್ನೆ ಕೊಟ್ಟು ಬರಬೇಡಿ. ಡೇಟಾ ಬೇಕು, ಬೂಟ್ ಆರ್ಡರ್ ನೋಡಿ, ಫಾರ್ಮ್ಯಾಟ್ ಮಾಡಬೇಡಿ ಅಂತ ಬಾಯಿಬಿಟ್ಟು ಹೇಳಿ. ಆಗುವವರೆಗೆ ಪಕ್ಕದಲ್ಲೇ ನಿಂತಿರಿ.

ಇನ್ನು ಉಬುಂಟು ಒಳಗೂ ಬೇಕಾದ ಫೈಲ್ ಇತ್ತಾ? ಹಾಗಿದ್ದರೆ ಖಾಲಿಯಾದ ಜಾಗದಲ್ಲಿ ಹೊಸ ಡ್ರೈವ್ ಮಾಡಬೇಡಿ, ಸಿ ಡ್ರೈವನ್ನೂ ಹಿಗ್ಗಿಸಬೇಡಿ. ಪಾರ್ಟಿಷನ್ ಡಿಲೀಟ್ ಮಾಡಿದಾಗ ಮುಖ್ಯವಾಗಿ ಅಳಿಯುವುದು ಪಟ್ಟಿಯಲ್ಲಿನ ಅದರ ಹೆಸರು. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಹುಡುಕಿ ಮತ್ತೆ ಸೇರಿಸಬಲ್ಲದು. ಉಬುಂಟುವಿನ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ಓಡಿಸುವ ಪೆನ್‌ಡ್ರೈವ್) ಬೂಟ್ ಆಗಿ ಅದನ್ನು ಓಡಿಸಬಹುದು. ಹಾರ್ಡ್‌ಡಿಸ್ಕಿನಲ್ಲಿ ಆಸೆ ಜಾಸ್ತಿ, ಎಸ್‌ಎಸ್‌ಡಿಯಲ್ಲಿ ಸ್ವಲ್ಪ ಕಡಿಮೆ. ಮೊದಲು ಫೋಟೋಗಳನ್ನು ಬೇರೆ ಡ್ರೈವಿಗೆ ಕಾಪಿ ಮಾಡಿಕೊಂಡು, ಆಮೇಲೆ ಇದಕ್ಕೆ ಇಳಿಯಿರಿ.